ಆ ಫೋಟೊದಲ್ಲಿರುವ ಒಡವೆ ಯಾರದು?

ರಾಜಾ ದೀನ್ ದಯಾಳ್ ನಮ್ಮ ಹಾಗೆಯೇ ಇಂಜಿನಿಯರ್. ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧಾನಾದಲ್ಲಿ. ಓದಿದ್ದು ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ, ಅಂದರೆ ಇವತ್ತಿನ ಐಐಟಿಯಲ್ಲಿ. ನೌಕರಿ ಸಿಕ್ಕಿದ್ದು ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ, ಹೆಸರು ಮಾಡಿದ್ದು ಹೈದರಾಬಾದಿನಲ್ಲಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಇಲ್ಲಿಗೆ ಬಂದ ಇಂಜಿನಿಯರುಗಳ ಹಾಜರಿ ಪುಸ್ತಕ ತೆರೆದರೆ ನಮಗಿಂತ ನೂರಿಪ್ಪತ್ತು ವರ್ಷ ಮೊದಲೇ ಅವರ ರುಜು ಇರುತ್ತದೆ. ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದರು, ಕೈ ಪಳಗಿತು, ಸರ್ಕಾರಿ ನೌಕರಿ ಬಿಟ್ಟರು. (ಈ ಮಾತು ಹೇಳಿದಾಗ ನನ್ನ ಹೆಂಡತಿ ನನ್ನ ಮುಖವನ್ನೇ ಅನುಮಾನದಿಂದ ನೋಡಿದಳು. ಅಂಥ ಯೋಚನೆ ಸದ್ಯಕ್ಕಿಲ್ಲ.) ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು, ‘ಮುಸವ್ವಿರ್ ಜಂಗ್’ ಎಂಬ ಬಿರುದನ್ನೂ ಕೊಟ್ಟರು.

ಅವರ ಸ್ಟುಡಿಯೊ ಇದ್ದದ್ದು ಸಿಕಂದರಾಬಾದಿನಲ್ಲಿ. ನಾನಿರುವ ತಾರ್ನಾಕದಿಂದ ಆಟೊದಲ್ಲಿ ಕಾಲು ಗಂಟೆ, ಟ್ರಾಫಿಕ್ ಕರುಣೆ ತೋರಿದರೆ. ಅವರು ತೆಗೆದ ಅರಮನೆ, ಬೇಟೆ, ದರ್ಬಾರುಗಳ ಚಿತ್ರಗಳು ಎಲ್ಲರಿಗೂ ಗೊತ್ತು. ನನ್ನ ಮನಸ್ಸು ಹಿಡಿದಿಟ್ಟದ್ದು ಬೇರೆ ಸಂಗತಿ. 1892ರಲ್ಲಿ ಅವರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದರು. ಸುತ್ತಲೂ ಎತ್ತರದ ಗೋಡೆ. ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಅದನ್ನು ನಡೆಸುತ್ತಿದ್ದವರು ಕೆನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಪರದೆಯಲ್ಲಿ ಬೆಳೆದ ಮನೆತನಗಳ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳದೆ ಅಲ್ಲಿಗೆ ಬರಬಹುದಿತ್ತು. ಖಡಾ ದುಪಟ್ಟಾ ಹೊದ್ದು, ಏಳು ಎಳೆ ಮುತ್ತಿನ ಸತ್‌ಲಡಾ ಹಾಕಿಕೊಂಡು ತಮಗೆ ಬೇಕಾದ ಹಾಗೆ ಕುಳಿತುಕೊಳ್ಳಬಹುದಿತ್ತು. ಆ ಚಿತ್ರವನ್ನು ಯಾರಿಗೆ ತೋರಿಸಬೇಕು, ಯಾರಿಗೆ ತೋರಿಸಬಾರದು ಎನ್ನುವುದು ಮನೆಯವರ ಕೈಯಲ್ಲಿತ್ತು.

ಆ ಗೋಡೆಯ ಬೆಲೆ ತಿಳಿಯಬೇಕಾದರೆ ಅದೇ ಕಾಲದ ಅಲ್ಜೀರಿಯಾವನ್ನು ನೋಡಬೇಕು. 1830ರಿಂದ 1962ರವರೆಗೆ ಅದು ಫ್ರೆಂಚರ ಕೈಯಲ್ಲಿತ್ತು. ಅಲ್ಲಿನ ಹೆಂಗಸರು ಬೀದಿಗೆ ಬಂದರೆ ‘ಹಾಯಿಕ್’ ಎಂಬ ಬಿಳಿ ಹೊದಿಕೆಯಲ್ಲಿ ಮೈಪೂರ್ತಿ ಮುಚ್ಚಿಕೊಳ್ಳುತ್ತಿದ್ದರು. ಕ್ಯಾಮೆರಾಕ್ಕೆ ಅವರು ಸಿಗುತ್ತಿರಲಿಲ್ಲ. ಆಗ ಫ್ರೆಂಚ್ ಸ್ಟುಡಿಯೊಗಳು ದುಡ್ಡು ಕೊಟ್ಟು ಹುಡುಗಿಯರನ್ನು ಕರೆತಂದು, ಮೈತುಂಬ ಒಡವೆ ಹೇರಿ, ಹಿಂದೆ ಪರದೆ ಕಟ್ಟಿ ‘ಅಲ್ಜೀರಿಯಾದ ಸುಂದರಿ’ ಎಂದು ಪೋಸ್ಟ್‌ಕಾರ್ಡ್ ಅಚ್ಚು ಹಾಕಿ ಮಾರಿದವು. ಅಲ್ಜೀರಿಯಾದ ಕವಿ ಮಾಲೆಕ್ ಅಲ್ಲೂಲಾ ಇಂಥ ಪೋಸ್ಟ್‌ಕಾರ್ಡ್‌ಗಳನ್ನು ಒಟ್ಟುಮಾಡಿ 1981ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಒಬ್ಬಳೇ ಹುಡುಗಿ ಒಂದು ಕಾರ್ಡಿನಲ್ಲಿ ಒಂದು ಪ್ರದೇಶದವಳು, ಇನ್ನೊಂದರಲ್ಲಿ ಇನ್ನೊಂದು ಕಡೆಯವಳು. ಅವಳು ತೊಟ್ಟದ್ದು ಸ್ಟುಡಿಯೊದ ಪೆಟ್ಟಿಗೆಯಿಂದ ತೆಗೆದುಕೊಟ್ಟದ್ದು.

ಒಡವೆಗಳೇನೋ ನಿಜವಾದವೇ. ಕಬೈಲಿಯ ಬೆಟ್ಟದ ಸೀಮೆಯ ಐತ್ ಯೆನ್ನಿ ಎಂಬಲ್ಲಿ ಬೆಳ್ಳಿಯ ಮೇಲೆ ನೀಲಿ, ಹಸಿರು, ಹಳದಿ ಎನಾಮೆಲ್ ಬಳಿದು, ನಡುವೆ ಹವಳ ಕೂರಿಸಿ ಮಾಡುವ ಆಭರಣಗಳಿಗೆ ಇಂದಿಗೂ ಹೆಸರಿದೆ. ಹೊಲಿಗೆಯಿಲ್ಲದ ಬಟ್ಟೆಯನ್ನು ಹೆಗಲ ಮೇಲೆ ಸಿಕ್ಕಿಸಲು ದೊಡ್ಡ ಬೆಳ್ಳಿ ಪಿನ್ನು, ಕಾಲಿಗೆ ‘ಖಲ್ಖಾಲ್’ ಎಂಬ ತೂಕದ ಕಡಗ. ನಮ್ಮ ಅಜ್ಜಿಯಂದಿರಿಗೆ ತೋರಿಸಿದ್ದರೆ ಮೊದಲು ಕೈಯಲ್ಲಿ ಹಿಡಿದು ಎಷ್ಟು ತೊಲೆ ಎಂದು ತೂಗಿ ನೋಡುತ್ತಿದ್ದರು. ಮದುವೆ, ಹೆರಿಗೆ, ಕಷ್ಟಕಾಲಗಳ ಜೊತೆ ಬಂದ ಆ ಒಡವೆ ಪೋಸ್ಟ್‌ಕಾರ್ಡಿನಲ್ಲಿ ಬರೀ ಅಲಂಕಾರವಾಯಿತು.

1960ರಲ್ಲಿ ಇದಕ್ಕಿಂತ ಕಟುವಾದದ್ದು ನಡೆಯಿತು. ಸ್ವಾತಂತ್ರ್ಯದ ಯುದ್ಧ ನಡೆದಿತ್ತು. ಹಳ್ಳಿಯವರಿಗೆಲ್ಲ ಗುರುತಿನ ಚೀಟಿ ಮಾಡಬೇಕೆಂದು ಫ್ರೆಂಚ್ ಸೇನೆ ಮಾರ್ಕ್ ಗಾರಾಂಜೆ ಎಂಬ ಯುವ ಸೈನಿಕನ ಕೈಗೆ ಕ್ಯಾಮೆರಾ ಕೊಟ್ಟಿತು. ಹತ್ತು ದಿನದಲ್ಲಿ ಸುಮಾರು ಎರಡು ಸಾವಿರ ಜನರ ಚಿತ್ರ, ಹೆಚ್ಚಿನವರು ಹೆಂಗಸರು. ಮುಸುಕು ತೆಗೆಯಲೇಬೇಕೆಂಬ ಅಪ್ಪಣೆ. ಆ ಚಿತ್ರಗಳಲ್ಲಿ ಹಣೆಯ ಹಚ್ಚೆ ಇದೆ, ಕೊರಳಿನ ಸರ ಇದೆ, ಕೆದರಿದ ಕೂದಲಿದೆ. ಎಲ್ಲಕ್ಕಿಂತ ಮೊದಲು ಕಾಣುವುದು ಕಣ್ಣು. ಕ್ಯಾಮೆರಾವನ್ನು ಸುಟ್ಟುಬಿಡುವ ಹಾಗೆ ನೋಡುತ್ತಾರೆ. ಗಾರಾಂಜೆ ಆ ನೋಟವನ್ನು ಮರೆಯಲಿಲ್ಲ. 1982ರಲ್ಲಿ ಚಿತ್ರಗಳನ್ನು ಪುಸ್ತಕ ಮಾಡಿದರು, 2004ರಲ್ಲಿ ಆ ಹೆಂಗಸರನ್ನು ಹುಡುಕಿಕೊಂಡು ಅಲ್ಜೀರಿಯಾಕ್ಕೇ ಹೋದರು.

ನಮ್ಮಲ್ಲೂ ಇದರ ಸೋದರ ಸಂಬಂಧಿಗಳು ಇದ್ದಾವೆ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟ ಹೊರತಂದಿತು, 468 ಚಿತ್ರಗಳು. ಚಿತ್ರದ ಕೆಳಗೆ ಬಹುತೇಕ ಜಾತಿಯ ಹೆಸರು ಇರುತ್ತದೆ, ಮನುಷ್ಯರ ಹೆಸರು ಅಪರೂಪ. ಜೊತೆಗೆ ಈ ಜನ ನಂಬಿಕಸ್ಥರೋ ಕಳ್ಳರೋ ಎಂಬ ತೀರ್ಪು ಬೇರೆ. 1857 ಕಳೆದ ಹೊಸತರಲ್ಲಿ ಅವರಿಗೆ ಬೇಕಾಗಿದ್ದ ಮಾಹಿತಿ ಅದೇ ಇರಬೇಕು.

ಜಾತಿಯ ಹೆಸರಷ್ಟೇ ಬರೆದ ಚಿತ್ರದಲ್ಲಿ ಎಷ್ಟು ಕಳೆದುಹೋಗಿರುತ್ತದೆ ಎಂದು ನನಗೆ ಗೊತ್ತಾಗಿದ್ದು ತಾರ್ನಾಕದ ಫುಟ್‌ಪಾತಿನಲ್ಲಿ. ನಮ್ಮ ಗಲ್ಲಿಯ ತುದಿಯಲ್ಲಿ ಸೊಪ್ಪು ಮಾರುವ ಒಬ್ಬ ವಯಸ್ಸಾದ ಲಂಬಾಣಿ ಹೆಂಗಸಿದ್ದಾರೆ. ಇಲ್ಲಿಯವರ ಬಾಯಲ್ಲಿ ಲಂಬಾಡಾ. ಸೀರೆ ಉಡುತ್ತಾರೆ, ಆದರೆ ಮೊಣಕೈ ಮೇಲಿನ ಬಿಳಿ ಬಳೆಗಳನ್ನು ಮಾತ್ರ ಬಿಟ್ಟಿಲ್ಲ. ಒಂದು ಸಂಜೆ ಮೊಬೈಲಿನಲ್ಲಿದ್ದ ಹಳೆಯ ಚಿತ್ರವೊಂದನ್ನು ತೋರಿಸಿದೆ. ನಾಲ್ವರು ಲಂಬಾಣಿ ಹೆಂಗಸರು, ಕೆಳಗೆ ಪಂಗಡದ ಹೆಸರು, ಅಷ್ಟೇ. ನನಗೆ ನಾಲ್ವರೂ ಒಂದೇ ಥರ ಕಂಡಿದ್ದರು. ಆಕೆ ಮುಖ ನೋಡಲೇ ಇಲ್ಲ. ಬೆರಳಿಂದ ಚಿತ್ರ ದೊಡ್ಡದು ಮಾಡಿ ತೋಳು ನೋಡಿದರು, ಕೆನ್ನೆಯ ಪಕ್ಕದ ಕೂದಲು ನೋಡಿದರು. ಈಕೆಗೆ ಗಂಡ ಇದ್ದಾನೆ, ಈಕೆಗೂ ಇದ್ದಾನೆ, ಮೂರನೆಯವಳಿಗೆ ಇನ್ನೂ ಮದುವೆಯಾಗಿಲ್ಲ, ಕೊನೆಯವಳ ಗಂಡ ಸತ್ತಿದ್ದಾನೆ ಎಂದರು, ಪಾಲಕ್ ಕಟ್ಟು ಎಣಿಸುತ್ತಲೇ. ಮದುವೆಯಾದವರು ಮೊಣಕೈ ಮೇಲೆ ‘ಬಲಿಯಾ’ ಹಾಕುತ್ತಾರೆ, ಕೂದಲಿಗೆ ‘ಘುಗರಿ’ ಎಂಬ ಬೆಳ್ಳಿಯ ಗೊಂಚಲು ಕಟ್ಟುತ್ತಾರೆ. ಗಂಡ ತೀರಿಕೊಂಡರೆ ತೆಗೆಯುತ್ತಾರೆ. ಬಲಿಯಾ ಹಿಂದೆ ದಂತದ್ದಾಗಿರುತ್ತಿತ್ತು, ಆಮೇಲೆ ಮೂಳೆಯದು ಬಂತು, ಈಗ ಪ್ಲಾಸ್ಟಿಕ್. ಆದರೆ ಅದು ಹೇಳುವ ಮಾತು ಬದಲಾಗಿಲ್ಲ.

ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿದೆ, ಬೆಂಗಳೂರಿನ ಅಂಗಡಿಗಳಲ್ಲಿ ಕನ್ನಡಿ ಚೂರು ಕೂರಿಸಿದ ಚೀಲ ಒಳ್ಳೆಯ ಬೆಲೆಗೆ ಹೋಗುತ್ತದೆ. ಸರ್ಕಾರಿ ಕಾಗದದಲ್ಲಿ ಇದೇ ಜನ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಗಡಿ ದಾಟಿ ನಮ್ಮ ಕಡೆ ಬಂದರೆ ಪರಿಶಿಷ್ಟ ಜಾತಿ. ಗಡಿಯ ಎರಡೂ ಕಡೆಯ ತಾಂಡಾಗಳಲ್ಲಿ ಬೀಗತನ ಮಾಡುವವರು ಈ ವ್ಯತ್ಯಾಸವನ್ನು ಹೇಗೆ ಸಂಭಾಳಿಸುತ್ತಾರೋ, ಅದು ಬೇರೆಯದೇ ಲೇಖನದ ವಿಷಯ.

ಎಲ್ಲ ಹೊರಗಿನವರೂ ಒಂದೇ ರೀತಿ ಕ್ಯಾಮೆರಾ ಹಿಡಿದರು ಎನ್ನಲಾಗದು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವಿದೆ. ಭಾನುವಾರ ಬೆಳಿಗ್ಗೆ ಆರ್ಟ್ಸ್ ಕಾಲೇಜಿನ ಮುಂದೆ ವಾಕಿಂಗ್ ಮಾಡುವ ಅರ್ಧ ತಾರ್ನಾಕದಲ್ಲಿ ನಾನೂ ಒಬ್ಬ. ಅಲ್ಲಿ 1945ರಿಂದ ಕೆಲವು ವರ್ಷ ಮಾನವಶಾಸ್ತ್ರ ಕಲಿಸಿದವರು ಕ್ರಿಸ್ಟಾಫ್ ಫಾನ್ ಫ್ಯೂರರ್-ಹೈಮೆನ್‌ಡಾರ್ಫ್. ಆಸ್ಟ್ರಿಯಾದವರು. 1939ರಲ್ಲಿ ಯುದ್ಧ ಶುರುವಾದಾಗ ಶತ್ರುದೇಶದ ಪಾಸ್‌ಪೋರ್ಟ್ ಹೊಂದಿದ್ದರಿಂದ ಬ್ರಿಟಿಷರು ಅವರ ಓಡಾಟವನ್ನು ಹೈದರಾಬಾದ್ ಸಂಸ್ಥಾನದೊಳಗೆ ಸೀಮಿತಗೊಳಿಸಿದರು. ಶಿಕ್ಷೆಯೇ ವರವಾಯಿತು. ಚೆಂಚು, ಕೊಂಡರೆಡ್ಡಿ, ಗೊಂಡ ಜನರ ನಡುವೆ ವರ್ಷಗಟ್ಟಲೆ ಬದುಕಿದರು, ಅವರ ಭಾಷೆ ಕಲಿತರು, ಡೈರಿ ಬರೆದರು, ಸಾವಿರಾರು ಚಿತ್ರ ತೆಗೆದರು. ಅವು ಇಂದು ಲಂಡನ್ನಿನ ಸೋವಾಸ್ ಸಂಸ್ಥೆಯ ಸಂಗ್ರಹದಲ್ಲಿವೆ. ಒಡವೆ ಇರುತ್ತದೆ, ಆದರೆ ಒಡವೆಗಾಗಿ ಯಾರನ್ನೂ ನಿಲ್ಲಿಸಿದ ಹಾಗೆ ಅನ್ನಿಸುವುದಿಲ್ಲ. ಅಡುಗೆ, ಬೇಸಾಯ, ಮಗುವಿನ ಲಾಲನೆ, ಹಬ್ಬದ ಕುಣಿತ ಎಲ್ಲ ತನ್ನ ಪಾಡಿಗೆ ನಡೆದಿರುತ್ತದೆ. ಪತ್ನಿ ಬೆಟ್ಟಿ ಬಹಳಷ್ಟು ಸಲ ಜೊತೆಯಲ್ಲಿದ್ದರು. ಹೆಂಗಸರ ಲೋಕಕ್ಕೆ ಬಾಗಿಲು ತೆಗೆದದ್ದು ಅವರೇ ಎಂದು ನನ್ನ ಊಹೆ. 1987ರಲ್ಲಿ ಬೆಟ್ಟಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಗೊಂಡರ ಮಾರ್ಲವಾಯಿ ಹಳ್ಳಿಯಲ್ಲಿ.

ಇಷ್ಟು ಓದಿಕೊಂಡು, ನೋಡಿಕೊಂಡು ಇದ್ದವನ ಮನೆಗೇ ಪ್ರಶ್ನೆ ಬಂತು, ವಾಟ್ಸ್‌ಆ್ಯಪ್ ಮೂಲಕ.

ನಮ್ಮದು ಕಲಬುರಗಿ ಜಿಲ್ಲೆ. ಮನೆಯಲ್ಲಿ ಒಂದು ಗುಂಪು ಫೋಟೊ ಇದೆ, 1952ರದ್ದು. ಕಲಬುರಗಿಯ ಸ್ಟುಡಿಯೊದವನೊಬ್ಬ ಹಳ್ಳಿಗೆ ಬಂದು ತೆಗೆದದ್ದು. ನಡುವೆ ಮುತ್ಯಾ, ಪಕ್ಕದಲ್ಲಿ ಆಯಿ, ಸುತ್ತ ಮಕ್ಕಳು, ಹಿಂದೆ ನಿಂತ ನಾಲ್ಕು ಹೆಂಗಸರು. ತಂಗಿಯ ಮಗ ಪಿಯುಸಿ ಹುಡುಗ, ಉತ್ಸಾಹಿ. ಯಾವುದೋ ಆ್ಯಪಿಗೆ ಹಾಕಿ ಅದಕ್ಕೆ ಬಣ್ಣ ತುಂಬಿ ಕುಟುಂಬದ ಗ್ರೂಪಿಗೆ ಬಿಟ್ಟ. ಹೃದಯ, ಚಪ್ಪಾಳೆಗಳ ಮಳೆ. ಐದು ನಿಮಿಷಕ್ಕೆ ಎಂಬತ್ತು ದಾಟಿದ ನಮ್ಮ ಅತ್ತಿಯ ಧ್ವನಿ ಸಂದೇಶ: “ನಮ್ಮವ್ವನ ಹಣಿ ಮ್ಯಾಲಿನ ಕುಂಕುಮ ಯಾರ್ ಅಳಿಸ್ಯಾರ? ಮಗ್ಗಲದಾಗ ನಮ್ಮಪ್ಪ ಕುಂತಾನ, ಕಾಣಲ್ಲೇನು?”

ಹುಡುಗ ಅಳಿಸಿರಲಿಲ್ಲ. ಹಳೆಯ ಫೋಟೊದಲ್ಲಿ ಕುಂಕುಮ ಕಪ್ಪು ಚುಕ್ಕೆಯಾಗಿತ್ತು. ಮುಖ ತಿದ್ದುವ ಸಾಫ್ಟ್‌ವೇರ್ ಅದನ್ನು ಕಲೆ ಎಂದು ಭಾವಿಸಿ ಒರೆಸಿಹಾಕಿತ್ತು. ಅದು ಕಪ್ಪಾಗಿದ್ದೇಕೆ ಎನ್ನುವುದು ನನ್ನಂಥವರಿಗೆ ಸ್ವಾರಸ್ಯದ ವಿಷಯ. ಮೊದಮೊದಲ ಗಾಜಿನ ಪ್ಲೇಟುಗಳು ನೀಲಿ ಬೆಳಕನ್ನು ಮಾತ್ರ ಗುರುತಿಸುತ್ತಿದ್ದವು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಅದಕ್ಕೆ ಬಣ್ಣದ ಪದಾರ್ಥ ಬೆರೆಸಿ ಹಸಿರನ್ನೂ ಕಾಣುವಂತೆ ಮಾಡಿದರು, ಅದೇ ಆರ್ಥೊಕ್ರೊಮ್ಯಾಟಿಕ್. ಕೆಂಪು ಆಗಲೂ ಕಾಣುತ್ತಿರಲಿಲ್ಲ. ಕೆಂಪನ್ನೂ ಹಿಡಿಯುವ ಪ್ಲೇಟು ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಸಣ್ಣ ಊರಿನ ಸ್ಟುಡಿಯೊಗಳಿಗೆ ಅದು ತಲುಪಲು ಇನ್ನಷ್ಟು ಕಾಲ ಬೇಕಾಯಿತು. ಹಾಗಾಗಿ ಬಹಳಷ್ಟು ಹಳೆಯ ಚಿತ್ರಗಳಲ್ಲಿ ಕುಂಕುಮ ಕಪ್ಪು, ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪು, ತಿಳಿ ನೀಲಿ ಸೀರೆ ಬಿಳಿ. ತೀರಾ ಹಳೆಯವುಗಳಲ್ಲಿ ಅರಿಶಿನ ಹಚ್ಚಿದ ಮುಖವೂ ಇದ್ದದ್ದಕ್ಕಿಂತ ಕಪ್ಪಾಗಿ ಬಂದಿರುತ್ತದೆ. ನಮ್ಮ ಹಿರಿಯರ ಬಣ್ಣದ ಬಗ್ಗೆ ಫೋಟೊ ನೋಡಿ ಮಾತಾಡುವವರು ಇದನ್ನು ನೆನಪಿಡಬೇಕು.

ಬಣ್ಣ ತುಂಬುವ ಆ್ಯಪಿಗೆ ಇದೇನೂ ಗೊತ್ತಿಲ್ಲ. ಹತ್ತು ಬಣ್ಣಗಳು ಒಂದೇ ಬೂದಿಯಾಗಿ ಇಳಿದ ಮೇಲೆ ಆ ಬೂದಿಯಿಂದ ವಾಪಸ್ ಬಣ್ಣಕ್ಕೆ ಹೋಗುವ ಸೂತ್ರ ಯಾವ ಎಂಟೆಕ್‌ನಲ್ಲೂ ಕಲಿಸುವುದಿಲ್ಲ, ಯಾಕೆಂದರೆ ಅಂಥದ್ದೊಂದು ಇಲ್ಲ. ಅದು ಲಕ್ಷಾಂತರ ಇಂದಿನ ಚಿತ್ರಗಳನ್ನು ನೋಡಿ ಕಲಿತದ್ದು. ಇಂಥ ಬೂದಿಗೆ ಇಂಥ ಬಣ್ಣ ಇರಬಹುದು ಎಂದು ಊಹೆ ಕಟ್ಟುತ್ತದೆ, ಅಷ್ಟೇ. ಆಯಿಯ ಕೆಂಪು ಸೆರಗು ಅದರ ಊಹೆಯಲ್ಲಿ ಕಂದು ಆಯಿತು.

ಮುತ್ಯಾನ ವಿಷಯದಲ್ಲಿ ಊಹೆ ತಪ್ಪಿದ್ದು ಮನುಷ್ಯರೇ. ಅವರು ತೊಟ್ಟದ್ದು ಶೇರ್ವಾನಿ, ಪಕ್ಕದ ಕುರ್ಚಿಯ ಮೇಲೆ ರೂಮಿ ಟೋಪಿ. “ಇವರ‍್ಯಾರು, ಮುಸ್ಲಿಮರಾ?” ಎಂದು ಬೆಂಗಳೂರಿನಲ್ಲಿ ಬೆಳೆದ ಮಗುವೊಂದು ಗ್ರೂಪಿನಲ್ಲೇ ಕೇಳಿತು. ಮುತ್ಯಾ ತಹಸಿಲ್ ಕಚೇರಿಯ ಗುಮಾಸ್ತರು, ಉರ್ದು ಶಾಲೆಯಲ್ಲಿ ಓದಿದವರು, ಕೊರಳಲ್ಲಿ ಬೆಳ್ಳಿಯ ಕರಡಿಗೆ ಕಟ್ಟಿಕೊಂಡ ಲಿಂಗಾಯತರು. ಆಗ ಕಲಬುರಗಿ, ಬೀದರ್, ರಾಯಚೂರು ಇದೇ ಹೈದರಾಬಾದಿಗೆ ಸೇರಿದ್ದವು. ಶೇರ್ವಾನಿ ಓದಿದವರ, ನೌಕರಿಯಲ್ಲಿದ್ದವರ ಉಡುಪು, ಯಾವ ದೇವರಿಗೆ ಕೈಮುಗಿದರೂ ಸರಿ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಶೇರ್ವಾನಿ ಟ್ರಂಕು ಸೇರಿತು. ಇಂದು ಮದುವೆ ಮನೆಯಲ್ಲಿ ಮದುಮಗ ಬಾಡಿಗೆಗೆ ತಂದ ಶೇರ್ವಾನಿ ತೊಟ್ಟರೆ ಯಾರೂ ಏನೂ ಕೇಳುವುದಿಲ್ಲ.

ಮುಂದಿನ ಶನಿವಾರ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಗೆ ಹೋದೆ. ಫೋಟೊವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ ಲ್ಯಾಪ್‌ಟಾಪಿನಲ್ಲಿ ಹಾಕಿ ಅತ್ತಿಯ ಮುಂದಿಟ್ಟೆ. ನಾನು ‘ಸರ’ ಎಂದ ಒಂದೊಂದಕ್ಕೂ ಬೇರೆ ಬೇರೆ ಹೆಸರಿತ್ತು. ಗೆಜ್ಜಿಟಿಕ್ಕಿ, ಬೋರಮಾಳ, ಪುತಳಿ ಸರ. ತೋಳಲ್ಲಿ ವಂಕಿ. ಕೈಯಲ್ಲಿ ಪಾಟಲಿ, ಬಿಲ್ವಾರ. ಕಿವಿಯ ಮೇಲ್ಭಾಗದಲ್ಲಿ ಬುಗುಡಿ. ನಡುವಿಗೆ ಡಾಬು. ಆಯಿ ಉಟ್ಟದ್ದು ಕಚ್ಚಿ ಹಾಕಿದ ಸೀರೆ, ತೊಟ್ಟದ್ದು ಗುಳೇದಗುಡ್ಡದ ಕಣದ ಕುಬಸ, ಎದೆಯ ಕೆಳಗೆ ಗಂಟು. ಕಚ್ಚಿ ಇದ್ದರೆ ಹೊಲದಲ್ಲಿ ಬಗ್ಗಿ ಏಳಲು ಸಲೀಸು, ಗಂಟಿನ ಕುಬಸವಿದ್ದರೆ ಕೂಸಿಗೆ ಹಾಲು ಕೊಡಲು ಸಲೀಸು. ಅದನ್ನು ಸಂಪ್ರದಾಯ ಎಂದು ಕರೆಯುವುದು ನಾವು. ಅತ್ತಿ ಬಳಸಿದ ಮಾತು ‘ಸೊವಡು’, ಅಂದರೆ ಅನುಕೂಲ.

ಪುತಳಿ ಸರದ ಹತ್ತಿರ ಬಂದಾಗ ಅತ್ತಿ ನಕ್ಕರು. “ಇದು ಆಕಿದಲ್ಲಪಾ. ನಮ್ಮ ದೊಡ್ಡವ್ವಂದು. ಫೋಟೊ ಹೊಡಸ್ಲಾಕ ಅಂತ ಒಂದ್ ದಿನಕ್ಕ ಇಸ್ಕೊಂಡು ಹಾಕ್ಕೊಂಡಿದ್ಳು. ಸಂಜಿಗೆ ತಿರುಗಿ ಕೊಟ್ಟಾಳ.” ಅಲ್ಜೀರಿಯಾದ ಹುಡುಗಿಗೂ ಎರವಲು ಒಡವೆ, ನಮ್ಮ ಆಯಿಗೂ ಎರವಲು ಒಡವೆ. ಆಯಿ ಮಾತ್ರ ತಾನೇ ಕೇಳಿ ಹಾಕಿಕೊಂಡದ್ದು, ತಾನು ಹೇಗೆ ಕಾಣಬೇಕು ಎಂದು ತಾನೇ ಗೊತ್ತು ಮಾಡಿದ್ದು.

ಉಳಿದವು ಈಗ ಎಲ್ಲಿ ಎಂದೆ. ಡಾಬು 1972ರ ಬರದಲ್ಲಿ ಹೋಯಿತು. ಬೋರಮಾಳ ಕರಗಿಸಿ ಇಬ್ಬರು ಹೆಣ್ಣುಮಕ್ಕಳ ಮದುವೆಗೆ ಎರಡು ಸರ ಮಾಡಿಸಿದರು. ವಂಕಿ ನನ್ನ ತಂದೆಯ ಕಾಲೇಜು ಫೀಜಾಯಿತು. ಹಾಗೆ ನೋಡಿದರೆ ನನ್ನ ಎಂಟೆಕ್ಕಿನ ಬುಡದಲ್ಲೂ ಆ ವಂಕಿಯ ಒಂದಿಷ್ಟು ಬಂಗಾರ ಇರಬೇಕು. ನಿಜಾಮರ ಒಡವೆಗಳಿಗೆ ಈ ಗತಿ ಬರಲಿಲ್ಲ. 1995ರಲ್ಲಿ ಭಾರತ ಸರ್ಕಾರ ಸುಮಾರು 218 ಕೋಟಿ ರೂಪಾಯಿಗೆ ಅವುಗಳಲ್ಲಿ 173ನ್ನು ಕೊಂಡು ರಿಸರ್ವ್ ಬ್ಯಾಂಕಿನ ಭದ್ರಕೋಶದಲ್ಲಿಟ್ಟಿತು. ಪ್ರತಿಯೊಂದಕ್ಕೂ ಲೆಕ್ಕವಿದೆ. ಜೇಕಬ್ ವಜ್ರ 184.75 ಕ್ಯಾರೆಟ್ ಎಂದು ಕ್ವಿಜ್ ಓದುವ ಮಕ್ಕಳಿಗೂ ಗೊತ್ತು. ಹಳ್ಳಿಯ ಒಡವೆ ಹುಟ್ಟುವುದೇ ಒಂದು ದಿನ ಕರಗುವುದಕ್ಕೆ. ದೀನ್ ದಯಾಳರ ಸ್ಟುಡಿಯೊ ಬರಗಾಲದ ಪರಿಹಾರ ಕಾಮಗಾರಿಗಳನ್ನೂ ಚಿತ್ರಿಸಿದೆ, ಔರಂಗಾಬಾದ್ ಕಡೆ ರಸ್ತೆ ಹಾಕುವ ಕೂಲಿ ಜನರ ಚಿತ್ರಗಳು. ಅವರು ಅಲ್ಲಿಗೆ ಬರುವ ಮೊದಲು ಎಷ್ಟು ಡಾಬು, ಎಷ್ಟು ಕಡಗ ಸಾಹುಕಾರರ ತಕ್ಕಡಿಗೆ ಬಿದ್ದಿರಬಹುದು ಎಂದು ಈಗ ಆ ಚಿತ್ರ ನೋಡುವಾಗೆಲ್ಲ ಅನ್ನಿಸುತ್ತದೆ. ದೀನ್ ದಯಾಳರ 2857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ಕಲಾ ಕೇಂದ್ರ ಪಡೆದುಕೊಂಡಿತು. ನಮ್ಮ ಡಾಬಿಗೆ ಇರುವುದು ಒಂದೇ ಫೋಟೊ, ಅದೂ ಮೂಲೆ ಹರಿದದ್ದು.

ಹಿಂದಿನ ಸಾಲಿನ ನಾಲ್ವರಲ್ಲಿ ಮೂವರ ಹೆಸರು ಅತ್ತಿ ತಕ್ಷಣ ಹೇಳಿದರು. ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದೆ. (ಬಾಲ್‌ಪೆನ್ ಬೇಡ, ಅದರ ಒತ್ತು ಮುಂದುಗಡೆ ಮೂಡುತ್ತದೆ.) ಹೆಸರಿನ ಜೊತೆ ಯಾರ ಮಗಳು, ಯಾವ ಊರಿಗೆ ಕೊಟ್ಟರು, ಮೈಮೇಲಿನ ಒಡವೆ ಯಾರದು, ಆಮೇಲೆ ಏನಾಯಿತು ಎನ್ನುವುದನ್ನೂ ಬರೆದೆ. ಅತ್ತಿಯ ಮಾತನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಎರಡು ಗಂಟೆ ಹನ್ನೊಂದು ನಿಮಿಷ.

ನಾಲ್ಕನೆಯವಳು ಎಡಗಡೆಯ ತುದಿಯಲ್ಲಿ, ಅರ್ಧ ಕಂಬದ ಮರೆಯಲ್ಲಿ ನಿಂತಿದ್ದಾಳೆ. ಕೊರಳು ಬರಿದು. ಕುಬಸದ ತೋಳಿಗೆ ಬೇರೆ ಬಟ್ಟೆಯ ತೇಪೆ. ಮನೆಯವರೆಲ್ಲ ಕ್ಯಾಮೆರಾ ನೋಡುತ್ತಿದ್ದರೆ ಆಕೆ ಆಯಿಯ ಕೊರಳ ಕಡೆ ನೋಡುತ್ತಿದ್ದಾಳೆ. ಅತ್ತಿ ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮನೆಗೆ ನೀರು ತರುತ್ತಿದ್ದವಳು, ತನ್ನನ್ನು ಎತ್ತಿ ಆಡಿಸಿದವಳು ಎಂಬುದಷ್ಟು ನೆನಪಾಯಿತು, ಹೆಸರು ಬರಲಿಲ್ಲ. ಆಳಂದದಲ್ಲಿ ಅವರ ತಂಗಿ ಇದ್ದಾರೆ, ಕಿವಿ ಮಂದ, ಫೋನಿನಲ್ಲಿ ಕೇಳಿದರೆ ಆಗದು. “ಯುಗಾದಿಗಿ ಬಾ, ಆಕಿ ಬರ್ತಾಳ, ಆಕಿಗಿ ಗೊತ್ತಿರ್ತದ” ಎಂದರು. ಪೆನ್ಸಿಲಿನಲ್ಲಿ ‘4’ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ಯುಗಾದಿಗೆ ರಜೆ ಹಾಕಿಯಾಗಿದೆ.